ವನಕೇಸರಿಯ ಪುಸ್ತಕ ಒಯ್ದವರು

ಮುಂಡಗೋಡದ ವಾರದ ಸಂತೆಯಲ್ಲಿ ಶಂಕ್ರಪ್ಪ ಗೋಣಿಚೀಲ ಹಾಸಿ ಹಳೆಯ ಪುಸ್ತಕ ಮಾರುವ ಜಾಗ ಸುಮನಳಿಗೆ ಕಣ್ಣು ಮುಚ್ಚಿಕೊಂಡು ಹೋದರೂ ಸಿಗುತ್ತಿತ್ತು. ಒಂದು ಕಡೆ ಒಣಮೆಣಸಿನಕಾಯಿ, ಇನ್ನೊಂದು ಕಡೆ ಪ್ಲಾಸ್ಟಿಕ್ ಕೊಡ, ನಡುವೆ ಪಂಚಾಂಗ, ಭಜನೆ ಪುಸ್ತಕ, ಹರಿದ ಗೈಡುಗಳ ರಾಶಿ. ಹಿಂದಿನ ವಾರ ಆ ರಾಶಿಯ ಅಡಿಯಲ್ಲಿ ವನಕೇಸರಿಯ ಎರಡು ಕಾದಂಬರಿಗಳನ್ನು ಅವಳೇ ಕಂಡಿದ್ದಳು. ವಿಮೆಯ ಗಿರಾಕಿಯೊಬ್ಬರ ಫೋನು ಬಂದು ಅವಸರದಲ್ಲಿ ಹೊರಟವಳು, ತೆಗೆದಿಡಲು ಹೇಳಿ ಹೋಗಿದ್ದಳು.

"ಹೋದ್ವಲ್ರಿ ಅಕ್ಕಾರ," ಎಂದ ಶಂಕ್ರಪ್ಪ. "ನೀವ ಕಳಿಸೀರಿ ಅಂತ ತಿಳದ್ನಿ. ಬಂದವರು ವನಕೇಸರಿ ಪುಸ್ತಕ ಕೊಡ್ರಿ ಅಂತ ಹೆಸರ ಹಿಡದ ಕೇಳಿದ್ರು."

"ಯಾರ ಬಂದಿದ್ರು?"

"ಸಂತಿ ಗದ್ದಲದಾಗ ಯಾರ ಮಾರಿ ಯಾರ ನೋಡ್ತಾರ್ರಿ."

ಸುಮನ ರಾಶಿಯನ್ನು ಇನ್ನೊಮ್ಮೆ ಕೆದಕಿ ನೋಡಿದಳು. ಹೀಗಾಗಿದ್ದು ಇದೇ ಮೊದಲಲ್ಲ. ಹಳಿಯಾಳದಲ್ಲಿ ಮುಚ್ಚಿಹೋದ ಒಂದು ಬಾಡಿಗೆ ಪುಸ್ತಕದಂಗಡಿಯ ಅಟ್ಟದ ಮೇಲೆ ವನಕೇಸರಿಯ ಒಂದು ಕಟ್ಟು ಇದೆ ಎಂದು ಸುದ್ದಿ ಸಿಕ್ಕು ಹೋದಾಗ ಅಟ್ಟದ ಮೇಲೆ ಬರೀ ಧೂಳಿನ ಗುರುತು ಉಳಿದಿತ್ತು. ಅದಾದ ಮೇಲೆ ದಾಂಡೇಲಿಯಲ್ಲಿ ಮನೆ ಖಾಲಿ ಮಾಡಿದ ಕುಟುಂಬವೊಂದು ರದ್ದಿಗೆ ಹಾಕಿದ ಪುಸ್ತಕಗಳಲ್ಲಿ ಉಳಿದೆಲ್ಲ ಹಾಗೇ ಇದ್ದು, ವನಕೇಸರಿ ಮಾತ್ರ ಮಾಯವಾಗಿದ್ದ. ಈಗ ಇಲ್ಲಿ. ಮೂರೂ ಕಡೆ ಪುಸ್ತಕ ಇರುವುದನ್ನು ಸುಮನ ಬಾಯಿಬಿಟ್ಟು ಹೇಳಿದ್ದು ಒಬ್ಬನಿಗೆ ಮಾತ್ರ. ಹಳಿಯಾಳದ ವೀರೇಶನಿಗೆ.

ಸುಮನ ವಿಮೆ ಏಜೆಂಟ್. ದಾಂಡೇಲಿಯಲ್ಲಿ ಬಾಡಿಗೆ ಮನೆ. ಸ್ಕೂಟಿಯ ಮೇಲೆ ಹಳಿಯಾಳ, ಜೋಯಿಡಾ, ಮುಂಡಗೋಡ ಎಂದು ಸುತ್ತುವುದೇ ಅವಳ ಉದ್ಯೋಗ. ಎದುರಿಗಿದ್ದವರ ಮುಖ ನೋಡಿದರೆ ಸಾಕು, ಇವರು ಕಂತು ತುಂಬುವವರೋ ನಾಳೆ ಬಾ ಎನ್ನುವವರೋ ಎಂದು ಹೇಳಬಲ್ಲೆ ಎಂಬ ಹೆಮ್ಮೆ ಅವಳಿಗಿತ್ತು. ಹಾಗೆ ಸುತ್ತುತ್ತ ಸುತ್ತುತ್ತ ಪುಸ್ತಕ ಹುಡುಕುವ ಚಟ ಹತ್ತಿತ್ತು. ಆದರೆ ಚಟದ ಬೇರು ಅವಳ ಅಪ್ಪ ರೂಪ್ಲಪ್ಪನಲ್ಲಿತ್ತು.

ರೂಪ್ಲಪ್ಪ ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಕಾವಲುಗಾರನಾಗಿದ್ದ. ರಜೆಗೆಂದು ಮುಂಡಗೋಡದ ಹತ್ತಿರದ ತಾಂಡಾಕ್ಕೆ ಬರುವಾಗ ಅವನ ಖಾಕಿ ಅಂಗಿಯ ಜೇಬಿನಲ್ಲಿ ವನಕೇಸರಿಯ ಒಂದು ಕಾದಂಬರಿ ಮಡಚಿಕೊಂಡಿರುತ್ತಿತ್ತು. ಸಂಜೆ ಕಟ್ಟೆಯ ಮೇಲೆ ಕೂತು ಕನ್ನಡದಲ್ಲಿ ಒಂದು ಸಾಲು ಓದುವುದು, ಅದನ್ನೇ ತಾಂಡಾದ ಮಾತಿನಲ್ಲಿ ಹೇಳುವುದು. ರೇಂಜರ್ ರುದ್ರಸೇನ, ಅವನ ಒಕ್ಕಣ್ಣಿನ ಜತೆಗಾರ ಗುಂಡು, ಕಾಳಿ ನದಿಯ ಮೊಸಳೆಗಳು, ಗೋವಾದ ಕಡೆಯಿಂದ ಬರುವ ಕಳ್ಳಸಾಗಣೆಯವರು. ರುದ್ರಸೇನನಿಗೆ ಬಂದೂಕಿನ ಗುಂಡು ತಗುಲಿದ ಸಂಜೆ ಸುಮನಳ ಅವ್ವ ನಾನಿಬಾಯಿ ಒಲೆ ಹೊತ್ತಿಸಿರಲಿಲ್ಲ. ಅಪ್ಪ ಸತ್ತಾಗ ಸುಮನಳ ಪಾಲಿಗೆ ಬಂದದ್ದು ಅವನ ಟ್ರಂಕು, ಅದರಲ್ಲಿ ಸುಮಾರು ಇಪ್ಪತ್ತು ಪುಸ್ತಕ. ಉಳಿದವನ್ನು ಅವಳು ಹುಡುಕಿ ಕೂಡಿಸಿದ್ದಳು.

ವನಕೇಸರಿ ಎಂಬ ಹೆಸರಿನಲ್ಲಿ ಬರೆದವನು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಹಿಂಬದಿಯ ರಟ್ಟಿನಲ್ಲಿ ಫೋಟೋ ಇರಬೇಕಾದ ಜಾಗದಲ್ಲಿ ಒಂದು ಹುಲಿಯ ಹೆಜ್ಜೆ. ಪ್ರಕಾಶಕರು ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಅವನ ಮೊದಲ ಕಾದಂಬರಿ 'ಅನಮೋಡದ ಅಸ್ಥಿಪಂಜರ' ಸುಮನ ಬಿಟ್ಟರೆ ಯಾರ ಹತ್ತಿರವೂ ಇದ್ದಂತಿರಲಿಲ್ಲ. ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಕಪಾಟಿನಲ್ಲಿ ಕೀಲಿ ಹಾಕಿ ಇಟ್ಟಿದ್ದಳು. ವೀರೇಶನಿಗೂ ರಟ್ಟು ತೋರಿಸಿದ್ದಳೇ ಹೊರತು ಪುಟ ತೆರೆಯಲು ಬಿಟ್ಟಿರಲಿಲ್ಲ.

ವೀರೇಶ ಹಳಿಯಾಳದ ಪೇಟೆಯಲ್ಲಿ ಔಷಧದಂಗಡಿ ಇಟ್ಟವನು. ಮೂರು ತಲೆಮಾರಿನ ವ್ಯಾಪಾರಸ್ಥರ ಮನೆ. ಅವನೂ ವನಕೇಸರಿಯ ಹುಚ್ಚ. ಇಬ್ಬರ ಪುಸ್ತಕವೂ ಸೇರಿದರೆ ಹೆಚ್ಚುಕಡಿಮೆ ಎಲ್ಲ ಕಾದಂಬರಿಗಳೂ ಆಗುತ್ತವೆ, ದಾಂಡೇಲಿಯ ಬಂಗೂರನಗರದ ಒಂದು ಸಭಾಭವನದಲ್ಲಿ ವನಕೇಸರಿ ಹಬ್ಬ ಮಾಡೋಣ ಎಂದು ಹೊರಟವನೂ ಅವನೇ. ಆಮಂತ್ರಣದಲ್ಲಿ ದಪ್ಪಕ್ಷರದಲ್ಲಿ ಹಾಕಿಸಿದ್ದ: ಮೊದಲ ಕಾದಂಬರಿಯ ಏಕೈಕ ಪ್ರತಿಯ ಪ್ರದರ್ಶನ.

ಸಂಶಯ ಒಮ್ಮೆ ತಲೆಯೊಳಗೆ ಹೊಕ್ಕ ಮೇಲೆ ಸುಮನಳಿಗೆ ಎಲ್ಲವೂ ಬೇರೆಯಾಗಿ ಕಾಣತೊಡಗಿತು. ಹೋದ ಸಲ ಅವನ ಅಂಗಡಿಗೆ ಹೋದಾಗ ಅವನು ಹಣದ ಗಲ್ಲೆಯ ಕೆಳಗಿದ್ದ ರಟ್ಟಿನ ಡಬ್ಬಿಯ ಮೇಲೆ ಟವೆಲ್ ಎಳೆದದ್ದು ನೆನಪಾಯಿತು. "ಏನ್ರಿ ಅದು?" ಎಂದರೆ "ಅವಧಿ ಮುಗದ ಗುಳಿಗಿ" ಎಂದಿದ್ದ. ಅವನ ಮನೆಯಲ್ಲಿ ಸಭೆ ಸೇರಿದಾಗ ಉಳಿದವರಿಗೆ ಕಪ್ಪಿನಲ್ಲಿ ಚಹಾ ಬಂದಿತ್ತು, ತನಗೆ ಸ್ಟೀಲ್ ಲೋಟದಲ್ಲಿ. ಆಗ ಅದು ಲಕ್ಷ್ಯಕ್ಕೂ ಬಂದಿರಲಿಲ್ಲ. ಈಗ ಸ್ಕೂಟಿ ಓಡಿಸುವಾಗಲೂ ಆ ಲೋಟ ಕಣ್ಣ ಮುಂದೆ ಬರುತ್ತಿತ್ತು. ಹಬ್ಬ ಎಂಬುದೇ ಒಂದು ನೆಪವಿರಬೇಕು, ಎಲ್ಲ ಪುಸ್ತಕ ಒಂದು ಕಡೆ ಸೇರಿಸಿ ಬೆಂಗಳೂರಿನ ಯಾವನಿಗೋ ಮಾರುವ ಹೊಂಚು ಎಂದು ಅವಳು ತೀರ್ಮಾನಿಸಿದಳು. ತಾಂಡಾದ ಹೆಣ್ಣುಮಗಳಿಗೆ ಇದರ ಬೆಲೆ ಏನು ಗೊತ್ತು ಎಂದುಕೊಂಡಿದ್ದಾನೆ.

ಅವನನ್ನು ಹಿಡಿಯಲು ಅವಳು ಒಂದು ಉಪಾಯ ಮಾಡಿದಳು. ತನ್ನ ಬಳಿ ಎರಡೆರಡು ಪ್ರತಿ ಇದ್ದ ಕಾದಂಬರಿಗಳಲ್ಲಿ ಮೂರನ್ನು ದಾಂಡೇಲಿ ಬಸ್ ನಿಲ್ದಾಣದ ಹತ್ತಿರದ ದುಂಡೇಶನ ರದ್ದಿ ಅಂಗಡಿಗೆ ಒಯ್ದು, ಮುಂದುಗಡೆಯೇ ದಾರಕ್ಕೆ ನೇತುಹಾಕಿಸಿದಳು. ಗುರುತಿಗಾಗಿ ಪ್ರತಿಯೊಂದರ ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಒಂದು ಸಣ್ಣ ಚುಕ್ಕೆ ಇಟ್ಟಳು.

"ಯಾರ ಒಯ್ತಾರ ನೋಡ್ರಿ. ಅವರಿಗೆ ಏನೂ ಹೇಳಬ್ಯಾಡ್ರಿ, ನಂಗ ಫೋನ್ ಮಾಡ್ರಿ," ಎಂದಳು.

ಆಮೇಲೆ ವೀರೇಶನಿಗೆ ಫೋನು ಮಾಡಿ, ಏನೂ ಅರಿಯದವಳ ಹಾಗೆ ದುಂಡೇಶನ ಅಂಗಡಿಯಲ್ಲಿ ಮೂರು ಪುಸ್ತಕ ಬಂದಿವೆಯಂತೆ, ತನಗೆ ಈ ವಾರ ಹೋಗಲಾಗುವುದಿಲ್ಲ ಎಂದಳು. "ಹೌದಾ?" ಎಂದ ವೀರೇಶ. ಆ ಒಂದು ಮಾತಿನಲ್ಲೇ ಅವಳಿಗೆ ಏನೋ ಸಿಕ್ಕಂತಾಯಿತು.

ಎರಡು ದಿನ ಬಿಟ್ಟು ದುಂಡೇಶನ ಫೋನು ಬಂತು. "ಹೋದ್ವು ನೋಡ್ರಿ. ಒಬ್ಬ ಹೆಣ್ಮಗಳು ಬಂದಿದ್ಲು. ಮೂರೂ ತಗೊಂಡು ಜೋಯಿಡಾ ಬಸ್ ಹತ್ತಿದ್ಲು. ಜೋಯಿಡಾ ನಿಲ್ದಾಣದ ಎದರಿಗೆ ಖಾನಾವಳಿ ನಡಸ್ತಾಳಲ್ಲ, ರಾಜಶ್ರೀ ಅಂತ, ಆಕಿನ."

ಸುಮನ ವೀರೇಶನಿಗೆ ಫೋನು ಹಚ್ಚಿದಳು.

"ಜೋಯಿಡಾದಾಕಿನ್ನ ಎಷ್ಟ ದಿನದಿಂದ ಕಳಸಾಕತ್ತೀರಿ, ವೀರೇಶ ಅವರ?"

"ಯಾರನ್ನ?"

"ನಾ ನಿಮಗಷ್ಟ ಹೇಳಿದ್ನಿ. ನಿಮಗಷ್ಟ. ಹಳಿಯಾಳದ ಅಟ್ಟದ್ದೂ ನೀವ ಒಯ್ದ್ರಿ, ಮುಂಡಗೋಡದ್ದೂ ನೀವ. ಹಬ್ಬದ ಹೆಸರಿಲೆ ವ್ಯಾಪಾರ ಮಾಡಾಕ ನಿಂತೀರಿ."

ಆ ಕಡೆ ಅಂಗಡಿಯಲ್ಲಿ ಯಾರೋ ಕೆಮ್ಮಿನ ಔಷಧ ಕೇಳುವುದು ಮಾತ್ರ ಕೇಳಿಸಿತು.

"ನೀವು ನನ್ನ ಹಿಂಗ ತಿಳಕೊಂಡೀರಿ ಅನ್ನೂದು ನಂಗ ಗೊತ್ತಿರಲಿಲ್ಲ," ಎಂದ ವೀರೇಶ ಕಡೆಗೆ. "ಆತು. ಹಬ್ಬ ನೀವ ಮಾಡ್ಕೊಳ್ರಿ." ಫೋನು ಇಟ್ಟ.

ಕಳ್ಳ ಸಿಕ್ಕಿಬಿದ್ದಾಗ ಹೀಗೇ ಮಾತನಾಡುತ್ತಾನೆ ಎಂದುಕೊಂಡು ಮರುದಿನ ಬೆಳಿಗ್ಗೆ ಸುಮನ ಜೋಯಿಡಾಕ್ಕೆ ಹೊರಟಳು.

ಖಾನಾವಳಿ ಅವಳಿಗೆ ಹೊಸದೇನಲ್ಲ. ಒಂದೆರಡು ಸಲ ಅಲ್ಲಿ ರೊಟ್ಟಿ ಊಟ ಮಾಡಿದ್ದಳು. ಒಳಗೆ ನಾಲ್ಕಾರು ಬಸ್ ಕಂಡಕ್ಟರುಗಳು, ಡ್ರೈವರುಗಳು ತಿನ್ನುತ್ತ ಕೂತಿದ್ದರು. ರಾಜಶ್ರೀ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಹಣೆಯಲ್ಲಿ ವಿಭೂತಿ. ಸುಮನ ಚೀಲದಿಂದ ವಿಮೆಯ ಕಾಗದ ತೆಗೆದು ಮಾತಿಗೆ ಶುರುಮಾಡಿದಳು. ಹೊಸ ಯೋಜನೆ, ಕಡಿಮೆ ಕಂತು, ಮನೆಯಲ್ಲಿ ಯಾರು ಯಾರಿದ್ದೀರಿ ಎಂದು ಕೇಳುತ್ತಲೇ ಕಣ್ಣು ಒಳಕೋಣೆಯ ಬಾಗಿಲ ಮೇಲಿಟ್ಟಿದ್ದಳು.

ರಾಜಶ್ರೀ ರೊಟ್ಟಿ ತಿರುವಿ ಹಾಕಿ ಅವಳನ್ನು ನೇರ ನೋಡಿದಳು. "ನಿಮ್ಮ ಕಣ್ಣು ಕಾಗದದ ಮ್ಯಾಲಿಲ್ಲ. ಯಾರ ಕಳಿಸ್ಯಾರ ನಿಮ್ಮನ್ನ?"

ಅದು ಸುಮನ ತಾನೇ ಕೇಳಬೇಕೆಂದು ಬಂದ ಮಾತು. ಅಷ್ಟರಲ್ಲಿ ಒಳಕೋಣೆಯಿಂದ ಒಂದು ಮುದಿದನಿ ಬಂತು. "ರಾಜೀ, ಪೊಲೀಸರು ಬಂದ್ರೇನು? ಬಂದಿದ್ರ ಒಳಗ ಕಳಸು."

ರಾಜಶ್ರೀ ತಡೆಯುವ ಮುಂಚೆಯೇ ಸುಮನ ಒಳಗೆ ಕಾಲಿಟ್ಟಳು.

ಕಿಟಕಿಯ ಪಕ್ಕದ ಮಂಚದ ಮೇಲೆ ಬಿಳಿ ಧೋತರದ ಮುದುಕನೊಬ್ಬ ಕೂತಿದ್ದ. ಸುತ್ತಲೂ ವನಕೇಸರಿಯ ಕಾದಂಬರಿಗಳು. ಕೆಲವು ಬೆನ್ನು ಮುರಿದು ಬೋರಲಾಗಿ ಬಿದ್ದಿದ್ದವು. ಮುದುಕ ಹೆಬ್ಬೆರಳಿಗೆ ಉಗುಳು ಹಚ್ಚಿ ಪುಟ ತಿರುವಿದ; ಓದಿ ಮುಗಿದ ಪುಟದ ಮೂಲೆಯನ್ನು ಮಡಚಿದ. ಸುಮನ ಹತ್ತಿರದ ಪುಸ್ತಕವನ್ನು ಎತ್ತಿ ಕೊನೆಯ ಪುಟ ನೋಡಿದಳು. ಅವಳ ಪೆನ್ಸಿಲ್ ಚುಕ್ಕೆ ಅಲ್ಲಿತ್ತು.

"ಪೊಲೀಸರು ಸೀರಿ ಉಟ್ಕೊಂಡ ಬಂದಾರಲ್ಲ, ಚಲೋ ಆತು. ವೇಷ ಮರಸಬೇಕು," ಎಂದ ಮುದುಕ. "ಕೂಡ್ರಿ. ಈ ವನಕೇಸರಿ ಅನ್ನಾಂವ ಕಳ್ಳ ಅದಾನ. ಇವನ್ನ ಹಿಡೀಬೇಕು."

"ಏನ ಕದ್ದಾನ್ರಿ?"

"ನನ್ನ ತಲಿಯಾಗಿಂದು ಕದ್ದಾನ. ಈ ಸುರಂಗ ನಂದು. ಈ ಒಕ್ಕಣ್ಣ ಗುಂಡು ನನ್ನಾಂವ. ನಾ ಯಾರಿಗೂ ಹೇಳಿದ್ದಿಲ್ಲ, ಇಂವ ಎಲ್ಲಾ ಅಚ್ಚ ಹಾಕ್ಸಿಬಿಟ್ಟಾನ. ಹೆಂಗ ಒಳಗ ಹೊಕ್ಕ ಅಂತ ನಂಗ ಇನ್ನೂ ಗೊತ್ತಾಗವಲ್ದು."

ಸುಮನ ತಿರುಗಿ ರಾಜಶ್ರೀಯನ್ನು ನೋಡಿದಳು. ಅವಳು ಬಾಗಿಲಲ್ಲಿ ಹಿಟ್ಟಿನ ಕೈಯಲ್ಲೇ ನಿಂತಿದ್ದಳು. ಸನ್ನೆ ಮಾಡಿ ಹೊರಗೆ ಕರೆದು, ಹಿತ್ತಲಿನ ಕಟ್ಟೆಯ ಮೇಲೆ ಕೂರಿಸಿ ಹೇಳಿದಳು.

"ನಮ್ಮಪ್ಪ. ಕರಿಬಸಪ್ಪ ಅಂತ. ಅನಮೋಡ ಚೆಕ್‌ಪೋಸ್ಟಿನ್ಯಾಗ ಕ್ಲಾರ್ಕ್ ಇದ್ರು. ಆ ಪುಸ್ತಕ ಎಲ್ಲಾ ಅವರ ಬರದಿದ್ದು. ಒಂದು ಲಾರಿ ಬಂದು ಇನ್ನೊಂದು ಲಾರಿ ಬರೂದ್ರೊಳಗ ಬರೀತಿದ್ರು. ನಮ್ಮವ್ವ ಮುದಕವ್ವಗ ಭಾಳ ನಾಚಿಕಿ. ರಟ್ಟಿನ ಮ್ಯಾಲಿನ ಹೆಣ್ಮಕ್ಕಳ ಚಿತ್ರ ನೋಡಿ ಎಲ್ಲಾ ಬಚ್ಚಲ ಒಲಿಗೆ ಹಾಕಿದ್ಲು. ಮನ್ಯಾಗ ಒಂದೂ ಉಳೀಲಿಲ್ಲ. ಅಪ್ಪ ಆಮ್ಯಾಲೆ ಬರೀಲೂ ಇಲ್ಲ, ಅದರ ಮಾತೂ ಎತ್ತಲಿಲ್ಲ. ಈಗ ನೆನಪ ಹೋಗೇತಿ. ನನ್ನ ಹೆಸರೂ ಒಮ್ಮೊಮ್ಮೆ ಇರೂದಿಲ್ಲ. ಒಂದಿನ ಕಂಡಕ್ಟರ್ ಒಬ್ಬಾಂವ ಇಂಥಾದೊಂದು ಪುಸ್ತಕ ಮರತ ಬಿಟ್ಟಹೋದ. ಅಪ್ಪ ಹಿಡದ್ರು ನೋಡ್ರಿ. ಅದಕ್ಕೂ ಮೊದಲ ದಿನಾ ಎದ್ದ ಕೂಡಲೆ ರಸ್ತೆಗೆ ಹೋಗಿ ಲಾರಿ ನಿಲ್ಲಸಾಕ ಕೈ ಮಾಡ್ತಿದ್ರು. ಈಗ ಆ ಕಳ್ಳನ್ನ ಹಿಡೀಬೇಕಂತ ಕೂತು ಓದ್ತಾರ. ಅದಕ್ಕ ಉಣ್ಣಾಕ ಬರೂ ಬಸ್ಸಿನವರಿಗೆಲ್ಲಾ ಹೇಳೇನಿ, ಎಲ್ಲೆ ಕಂಡ್ರೂ ತಗೊಂಡ ಬರ್ರಿ, ಇಲ್ಲಾ ನಂಗ ಹೇಳ್ರಿ ಅಂತ. ಹಳಿಯಾಳದ ಅಟ್ಟದ್ದು, ದಾಂಡೇಲಿ ರದ್ದ್ಯಾಗಿಂದು, ಮುಂಡಗೋಡದ್ದು, ಎಲ್ಲಾ ಅವರ ತಂದಿದ್ದು. ಈ ಸಲ ದಾಂಡೇಲ್ಯಾಗ ದಾರಕ್ಕ ನೇತ ಹಾಕಿದ್ರಂತ, ಹೇಳಿದ್ರು, ನಾನ ಹೋಗಿ ತಂದ್ನಿ."

ಸುಮನ ನಂಬಲಿಲ್ಲ. ಹೇಗೆ ನಂಬುವುದು? ಹಬ್ಬದ ಸುದ್ದಿ ಹರಡಿರುವಾಗ ಯಾರೋ ಮುದುಕನನ್ನು ಕೂರಿಸಿ ಇವರೇ ವನಕೇಸರಿ ಎನ್ನುವುದು ದೊಡ್ಡ ಮಾತಲ್ಲ. ಹೇಳಿಕೊಟ್ಟ ಪಾಠ ಇರಬಹುದು. ಹಿಂದೆ ವೀರೇಶನೇ ಇರಬಹುದು. ಇನ್ನೊಮ್ಮೆ ಒಳಗೆ ಹೋಗಿ ಮಂಚದ ತುದಿಯಲ್ಲಿ ಕೂತಳು.

"ಅಜ್ಜಾರ, ಆ ಕಳ್ಳ ನಿಮ್ಮದೆಲ್ಲಾ ಕದ್ದಾನ?"

ಮುದುಕ ಬಾಗಿಲ ಕಡೆ ನೋಡಿದ. ಕಿಟಕಿಯಿಂದ ಹೊರಗೆ ಬಗ್ಗಿ ನೋಡಿದ. ಮಗಳು ದೂರವಿದ್ದಾಳೆಂದು ಖಾತ್ರಿಯಾದ ಮೇಲೆ ಸುಮನಳ ಕಿವಿಯ ಹತ್ತಿರ ಬಂದ. ಬಾಯಿಂದ ಎಲೆಯಡಿಕೆಯ ವಾಸನೆ ಬರುತ್ತಿತ್ತು.

"ಒಂದು ಉಳದೈತಿ. ಅದೊಂದು ಅವಂಗ ಸಿಕ್ಕಿಲ್ಲ. ಎಲ್ಲಾ ಪುಸ್ತಕ ಹುಡುಕೇನಿ, ಎಲ್ಲೂ ಇಲ್ಲ. ನೀವು ಪೊಲೀಸರು ಅಂತ ಹೇಳ್ತೇನಿ, ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ." ಅವನು ಇನ್ನೂ ದನಿ ಇಳಿಸಿದ. "ಅನಮೋಡದ ಘಾಟಿನ್ಯಾಗ ಮಂಜು. ಒಂದು ಕಟ್ಟಿಗಿ ಲಾರಿ ಬಂದು ಗೇಟಿಗೆ ನಿಲ್ತೈತಿ. ಇಂಜಿನ್ ನಡದೈತಿ, ಡ್ರೈವರನ ಜಾಗಾ ಖಾಲಿ. ರುದ್ರಸೇನ ಹಿಂದ ಹತ್ತಿ ನೋಡ್ತಾನ. ದಿಮ್ಮಿ ನಡುವ ಒಂದು ಅಸ್ಥಿಪಂಜರ, ಮಳಿ ಕೋಟ ಹಾಕ್ಕೊಂಡ ಕುಂತೈತಿ. ಕೊಳ್ಳಾಗ ಚೆಂಡುಹೂವಿನ ಮಾಲಿ."

ಅವನು ನಿಲ್ಲಿಸಿದ. ಸುಮನಳಿಗೆ ಮುಂದಿನದು ಗೊತ್ತಿತ್ತು. ಅಪ್ಪ ಕಟ್ಟೆಯ ಮೇಲೆ ಇದೇ ಜಾಗದಲ್ಲಿ ನಿಲ್ಲಿಸಿ, ಎಲ್ಲರ ಮುಖ ನೋಡಿ, ಆಮೇಲೆ ಹೇಳುತ್ತಿದ್ದ.

"ಮುಟ್ಟಿ ನೋಡಿದ್ರ," ಎಂದ ಮುದುಕ, "ಹೂವು ಇನ್ನೂ ಬಾಡಿದ್ದಿಲ್ಲ."

ಆ ಪುಟವನ್ನು ಸುಮನ ಯಾರಿಗೂ ತೋರಿಸಿರಲಿಲ್ಲ. ಅಪ್ಪ ಹೋದ ಮೇಲೆ ಅದನ್ನು ಇನ್ನೊಬ್ಬರ ಬಾಯಿಂದ ಅವಳು ಕೇಳಿರಲಿಲ್ಲ. ಮುದುಕ ಅವಳ ಮುಖವನ್ನೇ ದಿಟ್ಟಿಸುತ್ತಿದ್ದ.

"ಯಾರಿಗೂ ಹೇಳೂದಿಲ್ಲ," ಎಂದಳು ಸುಮನ.

"ಹೇಳಿದ್ರ ಅಂವ ಬಂದ ಒಯ್ತಾನ. ಅದೂ ಹೋತಂದ್ರ ನನ್ನ ಹತ್ರ ಏನೂ ಉಳಿಯೂದಿಲ್ಲ."

ಹೊರಗೆ ರಾಜಶ್ರೀ ಕಾಯುತ್ತಿದ್ದಳು. ಅಪ್ಪ ಇದ್ದಾರೆಂಬ ಸುದ್ದಿ ಹೊರಗೆ ಹೋದರೆ ಕ್ಯಾಮೆರಾ ಹಿಡಿದವರು ಬರುತ್ತಾರೆ, ಅಪ್ಪ ಬೆದರಿ ಮತ್ತೆ ರಸ್ತೆಗೆ ಓಡುತ್ತಾರೆ, ಯಾರಿಗೂ ಹೇಳಬೇಡಿ ಎಂದಳು. ಸುಮನ ಮಾತು ಕೊಟ್ಟಳು. ಊಟ ಮಾಡಿಕೊಂಡು ಹೋಗಿ ಎಂದರೂ ಕೇಳದೆ, ನೇರ ಹಳಿಯಾಳಕ್ಕೆ ಬಂದಳು.

ವೀರೇಶ ಅವಳನ್ನು ನೋಡಿಯೂ ನೋಡದವನಂತೆ ಗಿರಾಕಿಗಳಿಗೆ ಗುಳಿಗೆ ಕೊಡುತ್ತಲೇ ಇದ್ದ. ಅಂಗಡಿ ಖಾಲಿಯಾಗುವವರೆಗೂ ಅವಳು ಬಾಗಿಲ ಪಕ್ಕದಲ್ಲಿ ನಿಂತಳು.

"ನಂದು ತಪ್ಪಾತು," ಎಂದಳು. "ನೀವಲ್ಲ. ನಾ ಭಾಳ ಕೆಟ್ಟ ಮಾತಾಡಿದ್ನಿ."

ವೀರೇಶ ಬಗ್ಗಿ ಗಲ್ಲೆಯ ಕೆಳಗಿನ ಡಬ್ಬಿಯನ್ನು ಎಳೆದು ಅವಳ ಮುಂದಿಟ್ಟ. ಟವೆಲ್ ತೆಗೆದ. ಒಳಗೆ ಗೆದ್ದಲು ತಿಂದ ಪುಸ್ತಕಗಳು. ಕೆಲವು ಕೈ ಇಟ್ಟರೆ ಮಣ್ಣಾಗುವಂತಿದ್ದವು.

"ಇದನ್ನ ಮುಚ್ಚಿಟ್ಟಿದ್ನಿ. ನಂದರಾಗ ಒಂಬತ್ತ ಪುಸ್ತಕ ಹೋದ್ವು. ನೀವು ಅಷ್ಟ ಜ್ವಾಪಾನ ಮಾಡ್ತೀರಿ, ನಗ್ತೀರಿ ಅಂತ ಹೇಳಲಿಲ್ಲ." ಡಬ್ಬಿ ಒಳಗೆ ತಳ್ಳಿದ. "ಹಂಗಾರ ಒಯ್ದವರು ಯಾರು?"

"ಅದನ್ನ ಹೇಳಾಕ ಬರೂದಿಲ್ಲ."

"ಗೊತ್ತೈತಿ?"

"ಗೊತ್ತೈತಿ. ಮಾತ ಕೊಟ್ಟೇನಿ."

ವೀರೇಶ ಅವಳನ್ನು ಬಹಳ ಹೊತ್ತು ನೋಡಿದ. ಆ ನೋಟ ಸುಮನಳಿಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ದಿನ ಅವಳೇ ಅವನನ್ನು ಹಾಗೆ ನೋಡಿದ್ದಳು. "ಆಮಂತ್ರಣ ಹಂಚಿ ಆಗೇತಿ. ಹಬ್ಬ ಮಾಡೂಣು," ಎಂದ. ಚಹಾ ತರಿಸಲಿಲ್ಲ.

ಹಬ್ಬದ ದಿನ ಬಂಗೂರನಗರದ ಸಭಾಭವನಕ್ಕೆ ಅವರು ನೆನೆಸಿದ್ದಕ್ಕಿಂತ ಹೆಚ್ಚು ಜನ ಬಂದರು. ಕಾಗದ ಕಾರ್ಖಾನೆಯಿಂದ ನಿವೃತ್ತರಾದವರು, ಕಾಲೇಜಿನವರು, ಮುಂಡಗೋಡದ ತಾಂಡಾದಿಂದ ಒಂದು ಟೆಂಪೋದಲ್ಲಿ ನಾನಿಬಾಯಿ ಮತ್ತು ಅವಳ ಜತೆಯವರು. ಉದ್ದನೆಯ ಮೇಜಿನ ಮೇಲೆ ಬಣ್ಣಬಣ್ಣದ ರಟ್ಟುಗಳು. ನಡುವೆ ಮೊದಲ ಕಾದಂಬರಿಗೆಂದು ವೀರೇಶ ಮಾಡಿಸಿದ ಗಾಜಿನ ಪೆಟ್ಟಿಗೆ ಖಾಲಿಯಿತ್ತು.

"ಎಲ್ಲೈತ್ರಿ?" ಎಂದು ವೀರೇಶ ಬೆಳಿಗ್ಗೆಯೇ ಕೇಳಿದ್ದ.

"ತರಲಿಲ್ಲ. ತರಾಕ ಆಗೂದಿಲ್ಲ."

"ಮಾರಿದ್ರೇನು?"

"ಇಲ್ಲ."

ಅವನು ಮತ್ತೆ ಕೇಳಲಿಲ್ಲ. ಬಂದವರೆಲ್ಲ ಆ ಪೆಟ್ಟಿಗೆಯ ಮುಂದೆ ನಿಂತು ಕೇಳುತ್ತಿದ್ದರು, ಅವನು ಸುಮನಳ ಕಡೆ ಕೈ ತೋರಿಸುತ್ತಿದ್ದ. ಅವಳು ಏನೋ ಒಂದು ನೆಪ ಹೇಳುತ್ತಿದ್ದಳು. ಹೇಳಿದಷ್ಟೂ ಅದು ಸುಳ್ಳಿನಂತೆ ಅವಳ ಕಿವಿಗೇ ಕೇಳುತ್ತಿತ್ತು.

ವೇದಿಕೆಯ ಮೇಲೆ ಪ್ರಾಧ್ಯಾಪಕರೊಬ್ಬರು ವನಕೇಸರಿಯನ್ನು ಹೊಗಳುತ್ತಿರುವಾಗ ಹಿಂದಿನ ಬಾಗಿಲಿನಿಂದ ರಾಜಶ್ರೀ ಅಪ್ಪನ ಕೈ ಹಿಡಿದು ಒಳಗೆ ಬಂದಳು. ಪುಸ್ತಕಗಳೆಲ್ಲ ಒಂದೇ ಕಡೆ ಸೇರುತ್ತವೆಂದು ಕೇಳಿ, ಕಳ್ಳನನ್ನು ಹುಡುಕಲು ಮುದುಕನೇ ಹಟ ಹಿಡಿದಿರಬೇಕು. ಮುದುಕ ಯಾರನ್ನೂ ನೋಡದೆ ಮೇಜಿನ ಕಡೆ ಹೋದ. ಒಂದೊಂದೇ ರಟ್ಟಿನ ಮೇಲೆ ಬೆರಳಿಟ್ಟು, ತುಟಿ ಅಲುಗಿಸಿ ಹೆಸರು ಓದುತ್ತ, ಮೇಜಿನ ಈ ತುದಿಯಿಂದ ಆ ತುದಿಯವರೆಗೆ ನಡೆದ. ಖಾಲಿ ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಬಗ್ಗಿ ಒಳಗೆ ನೋಡಿದ. ಪೆಟ್ಟಿಗೆಯ ಹಿಂದೆಯೂ ನೋಡಿದ. ಆಮೇಲೆ ತಲೆ ಎತ್ತಿ ಸುಮನಳನ್ನು ಗುರುತು ಹಿಡಿದು, ಬಹಳ ಗಂಭೀರವಾಗಿ ಒಮ್ಮೆ ತಲೆಯಾಡಿಸಿದ.

"ಕಳ್ಳನ್ನ ಹೊಗಳಾಕತ್ತಾನ ನೋಡು," ಎಂದು ವೇದಿಕೆಯ ಕಡೆ ಕೈ ತೋರಿಸಿ ಮಗಳಿಗೆ ಜೋರಾಗಿಯೇ ಹೇಳಿದ. ಹಿಂದಿನ ಸಾಲಿನವರು ನಕ್ಕರು. ರಾಜಶ್ರೀ ಅವನನ್ನು ಕರೆದುಕೊಂಡು ಹೋದಳು.

"ಯಾರ ಆ ಅಜ್ಜ?" ವೀರೇಶ ಪಕ್ಕಕ್ಕೆ ಬಂದು ಕೇಳಿದ. "ನಿಮ್ಮನ್ನ ನೋಡಿ ತಲಿ ಅಲ್ಲಾಡಿಸಿದ."

"ಜೋಯಿಡಾ ಕಡೆಯವರು. ನಮ್ಮ ಪಾಲಿಸಿ ಗಿರಾಕಿ."

ವೀರೇಶ ಬಾಗಿಲ ಕಡೆ ನೋಡಿದ, ಖಾಲಿ ಪೆಟ್ಟಿಗೆ ನೋಡಿದ, ಅವಳನ್ನು ನೋಡಿದ. ಅವನ ಮನಸ್ಸಿನಲ್ಲಿ ಲೆಕ್ಕಾಚಾರ ನಡೆದದ್ದು ಸುಮನಳಿಗೆ ಎದುರಿಗೆ ಕೂತು ಓದಿದಷ್ಟು ಸ್ಪಷ್ಟವಾಗಿ ಕಂಡಿತು. ಪುಸ್ತಕವನ್ನು ಆ ಅಜ್ಜನಿಗೆ ಮಾರಿದ್ದಾಳೆ ಎಂಬ ಆ ಲೆಕ್ಕ ತಪ್ಪು ಎಂದು ಹೇಳಲು ಬಾಯಿ ತೆರೆದವಳು ಮುಚ್ಚಿದಳು.

ಜನ ಹೋದ ಮೇಲೆ ಇಬ್ಬರೂ ಪುಸ್ತಕ ಕಟ್ಟಿದರು. ವೀರೇಶ ತನ್ನವನ್ನು ಬೇರೆ ತೆಗೆದು, ಒಂದೊಂದನ್ನೂ ತೆರೆದು ನೋಡಿ, ಹಗ್ಗಕ್ಕೆ ಎರಡು ಗಂಟು ಹಾಕಿದ.

"ಮುಂದಿನ ವರ್ಷ ಹಳಿಯಾಳದಾಗ ಮಾಡೂಣು," ಎಂದ ಮುಖ ಎತ್ತದೆ. "ಜನ ಕೇಳಾಕತ್ತಾರ. ಆದರ ಎಲ್ಲಾ ಪುಸ್ತಕ ಒಂದ ಕಪಾಟಿನ್ಯಾಗ ಇರಬೇಕು. ಕೀಲಿ ನನ್ನ ಹತ್ರ."

"ಆಗ್ಲಿ ರೀ," ಎಂದಳು ಸುಮನ. "ಒಂದ ಪುಸ್ತಕ ಬಿಟ್ಟು."

ವೀರೇಶ ಕಟ್ಟನ್ನು ಹೆಗಲಿಗೇರಿಸಿಕೊಂಡು ಹೊರಗೆ ಹೋದ. ತುಸು ಹೊತ್ತಿನ ಮೇಲೆ ಬಾಗಿಲಿಗೆ ಮರಳಿ ಬಂದು, ಅವಳ ಕಟ್ಟು ಭಾರವಿದೆಯೇ ಎಂದು ಕೇಳಿ, ಅದರ ಒಂದು ತುದಿಯನ್ನು ಹಿಡಿದುಕೊಂಡ.